ನಾನು ನೆಪ್ಚೂನ್ ಆಗಿದ್ದ ಶನಿವಾರ

ಸುನಂದಮಣಿ ಮಿಸ್ಸು ಆವತ್ತು
ಸೊಂಟದ ಮೇಲೆ ಕೂಸಿನಂತೆ ಕೂರಿಸಿಕೊಂಡು ತಂದರು
ಒಂದು ಸಿಹಿಗುಂಬಳ.
ಸ್ಕೇಲಿಟ್ಟು ಅಳೆದರು: ಸರಿಯಾಗಿ ಒಂದಡಿ.
"ಇದು ಸೂರ್ಯ."
"ಹುಳಿಗಾ ಮಿಸ್?" ಅಂದ ಜವರ.
"ಸೂರ್ಯ ಕಣ್ಲಾ. ಬಾಯ್ಮುಚ್ಚು."
ಜವರ ಮುಚ್ಚಿದ. ಹಲ್ಲು ಒಳಗೆ ಹೋಗಲಿಲ್ಲ.

ಸೆರಗಿನ ಗಂಟು ಬಿಚ್ಚಿದರೆ ಉಳಿದ ಗ್ರಹಗಳು:
ಬುಧ ಒಂದು ಗಸಗಸೆ.
ಶುಕ್ರ ದಪ್ಪ ಸಾಸಿವೆ, ಭೂಮಿ ಇನ್ನೊಂದು ಸಾಸಿವೆ.
"ಇಷ್ಟರಲ್ಲೇ ಪಾಂಡವಪುರ, ಮಂಡ್ಯ,
ನಮ್ಮ ಎಮ್ಮೆನೂ ಐತಾ?" ಅಂದಳು ನಾಗರತ್ನಿ.
"ಐತೆ. ಕರೂನೂ ಐತೆ."
ಮಂಗಳ ರಾಗಿ ಕಾಳು. ಗುರು ಬೆಟ್ಟದ ನೆಲ್ಲಿ.
ಶನಿಯೂ ನೆಲ್ಲಿಯೇ, ತುಸು ಸೊರಗಿದ್ದು;
ಸುತ್ತ ಬಳೆ ಬೇಕಲ್ಲ, ಅದಕ್ಕೊಂದು ಕೋಡುಬಳೆ.
ಶನಿಯನ್ನು ಸುಹೇಲನ ಕೈಗೆ ಕೊಟ್ಟದ್ದೇ
ಮಿಸ್ಸು ಆ ದಿನ ಮಾಡಿದ ಒಂದೇ ತಪ್ಪು.

ಕೊನೇ ಬೆಂಚಿನ ನನಗೆ ಕೊನೇ ಗ್ರಹ:
ನೆಪ್ಚೂನ್, ಒಂದು ಕಾಬೂಲ್ ಕಡಲೆ.
ವಾರದಲ್ಲಿ ಅದಕ್ಕೊಂದು ದಿನವಿಲ್ಲ,
ಜಾತಕದಲ್ಲಿ ಮನೆಯಿಲ್ಲ,
ನವಗ್ರಹದ ಗುಡಿಯಲ್ಲಿ ಎಳ್ಳೆಣ್ಣೆ ದೀಪವೂ ಇಲ್ಲ.
ಯಾರಿಗೂ ಕಾಟ ಕೊಡದಿದ್ದರೆ ಹೀಗೇ ಆಗುವುದು.

ನಾಲೆ ಏರಿಯ ಮೇಲೆ ಹೊರಟಿತು ಸೌರಮಂಡಲ,
ಮಿಸ್ಸಿನ ದೊಡ್ಡ ಹೆಜ್ಜೆ ಎಣಿಸುತ್ತ.
ಮೂವತ್ಮೂರಕ್ಕೆ ಭೂಮಿ. ಐವತ್ತಕ್ಕೆ ಮಂಗಳ.
ಆಮೇಲೆ ಎಷ್ಟು ನಡೆದರೂ ಯಾರೂ ಇಲ್ಲ,
ಬರೀ ಹುಲ್ಲು, ಎರಡು ಕೊಕ್ಕರೆ.
ನೂರೆಪ್ಪತ್ತಕ್ಕೆ ಗುರು, ಮುನ್ನೂರು ದಾಟಿ ಶನಿ.
ಯುರೇನಸ್ ಅಡ್ಡಬಿದ್ದು ಸುತ್ತುತ್ತದಂತೆ;
ಮಂಜ ಕೂಡಲೇ ಹುಲ್ಲಲ್ಲಿ ಅಡ್ಡಬಿದ್ದ,
ಪಾಠಕ್ಕೋಸ್ಕರ.
ನಾನು ನಿಂತಾಗ ಕಿಲೋಮೀಟರಿಗೆ ಹದಿನೈದೇ ಹೆಜ್ಜೆ ಬಾಕಿ.

ಅಲ್ಲಿಂದ ಕುಂಬಳ ಕಾಣಲೇ ಇಲ್ಲ.
ಮಿಸ್ಸು ವಾಪಸ್ ಹೋಗಿ ಸೀಟಿ ಊದಿದರು:
ಅತ್ತ ಎಲ್ಲರ ಕೈ ಮೇಲೆದ್ದು ಇಳಿದ ಮೇಲೆ
ನನ್ನ ಕಿವಿಗೆ ಪೀ ಎಂದಿತು.
ಬೆಳಕಿನದೂ ಇದೇ ಪಾಡು ಅಂದಿದ್ದರು ಮಿಸ್ಸು:
ಕುಂಬಳದಿಂದ ನಿನ್ನ ಕಡಲೆಗೆ ನಾಲ್ಕು ಗಂಟೆ,
ನಮ್ಮ ಲೆಕ್ಕದಲ್ಲಿ ಅದರದ್ದು ಇರುವೆ ನಡಿಗೆ.
ಬಗ್ಗಿ ನೋಡಿದೆ. ಒಂದು ಕಟ್ಟಿರುವೆ ಹೊರಟಿತ್ತು,
ಬಹಳ ಕೆಲಸವಿದ್ದಂತೆ.

ಬೆನ್ನ ಹಿಂದೆ ಯಾರೋ ಸೊರ್ ಎಂದು ಮೂಗೆಳೆದರು.
ಸಣ್ಣಿ, ನನ್ನ ತಂಗಿ. ಕೈಯಲ್ಲೊಂದು ಸಕ್ಕರೆ ಹರಳು.
"ನಾನು ಪ್ಲೂಟೊ."
"ಹೋಗೇ, ಹಾಜರಿ ಪುಸ್ತಕದಲ್ಲಿ ನಿನ್ನ ಹೆಸರೇ ಇಲ್ಲ."
"ಪ್ಲೂಟೊದೂ ತೆಗೆದಾಕವ್ರಂತೆ. ಕಿಟಕೀಲಿ ಕೇಳಿಸ್ಕೊಂಡೆ."
ಉತ್ತರ ಹೊಳೆಯಲಿಲ್ಲ.
ಅವಳು ನನ್ನ ಸುತ್ತ ಸೊಟ್ಟಸೊಟ್ಟ ಓಡಿದಳು,
ಒಮ್ಮೊಮ್ಮೆ ನನಗಿಂತ ಸೂರ್ಯನಿಗೆ ಹತ್ತಿರ,
ಆಮೇಲೆ ಪ್ಲೂಟೊವನ್ನು ನೆಕ್ಕಿಬಿಟ್ಟಳು.

"ಇದರಾಚೆ ಏನೈತೆ?"
"ಇನ್ನೊಂದು ಕುಂಬಳ. ಲಂಡನ್ ದಾಟಿ ಇನ್ನೂ ಮುಂದೆ."
"ಬಸ್ಸೈತಾ?"

ಆಗ ಬಂತು ಕಬ್ಬಿನ ಟ್ರ್ಯಾಕ್ಟರ್, ಧೂಮಕೇತು!
ಹಿಂದೆ ಸೋಗೆಯ ಬಾಲ, ಬಾಲಕ್ಕೆ ಧೂಳು,
ಧೂಳಿನೊಳಗೆ ಒಬ್ಬೊಬ್ಬರೇ ಗ್ರಹಗಳು
ಕಕ್ಷೆ ಬಿಟ್ಟು, ಜಲ್ಲೆ ಹಿಡಿದೆಳೆಯುತ್ತ.
ಮಂಜ ಮಾತ್ರ ಎದ್ದಿರಲಿಲ್ಲ. ನಿದ್ದೆ ಬಂದಿತ್ತು.

ಮಿಸ್ಸು ಸೊಂಟಕ್ಕೆ ಕೈಯಿಟ್ಟು ಎಣಿಸಿದರು.
ಶನಿಗೆ ಬಳೆಯಿಲ್ಲ; ಸುಹೇಲನ ಗಲ್ಲದ ಮೇಲೆ ಪುಡಿ.
ಗುರುವಿನಲ್ಲಿ ಹಲ್ಲಿನ ಗುರುತು.
ಭೂಮಿ ಎಲ್ಲಿ?
ನಾಗರತ್ನಿ ಅಳುತ್ತ ಬೆರಳು ತೋರಿಸಿದಳು:
ಒಂದು ಹ್ಯಾಟೆ ಕೊಕ್ಕು ಒರೆಸಿಕೊಳ್ಳುತ್ತಿತ್ತು.
ಪಾಂಡವಪುರ, ಮಂಡ್ಯ, ಎಮ್ಮೆ, ಕರು,
ಒಂದೇ ಗುಟುಕು.
"ಹೋಗ್ಲಿ ಬಿಡ್ರೋ," ಅಂದರು ಮಿಸ್ಸು,
"ಜೀವ ಇದ್ದದ್ದು ಅದೊಂದ್ರಲ್ಲೇ."

ಮಧ್ಯಾಹ್ನ ಸೂರ್ಯನನ್ನು ಹುಳಿ ಮಾಡಿದರು.
ಜವರ ಎರಡು ಸಲ ಹಾಕಿಸಿಕೊಂಡು
ನನ್ನ ಕಡೆ ನೋಡಿದ: "ನಾನೇಳ್ನಿಲ್ವಾ?"

ಕಡಲೆ ವಾಪಸ್ ಕೊಡೋದು ಮರೆತಿದ್ದೆ.
ಭಾನುವಾರ ಚಡ್ಡಿ ಬಕೆಟ್ಟಲ್ಲಿ ನೆನೆಯಿತು,
ಸೋಮವಾರವೂ; ಅವ್ವನಿಗೆ ನಾಟಿ ಕೆಲಸ.
ಮಂಗಳವಾರ ಒಗೆಯುವಾಗ ಜೇಬು ತಿರುವಿ
"ಏನ್ಲಾ ಇದು?" ಅಂದಳು.

ಅಂಗೈ ಮೇಲೆ ನೆಪ್ಚೂನ್, ಉಬ್ಬಿಕೊಂಡು,
ಪಕ್ಕದಲ್ಲೊಂದು ಬಿಳೀ ಮೊಳಕೆ.
ನಾನು ಮಿಸ್ಸಿನ ಮನೆ ಕಡೆ ಓಡಿದೆ.