ಊರು ಕೊಡು

ರೇಸಿಗಿನ್ನೂ ಮುಕ್ಕಾಲು ಗಂಟೆ ಇದೆ.
ಟಮಕದ ಹೈವೇ ಪಕ್ಕ, ಮುಷೀರನ ಟೈರಂಗಡಿ.
ಗ್ರೀಸ್ ಡಬ್ಬಕ್ಕೆ ಒರಗಿಸಿಟ್ಟ ಮೊಬೈಲಿನಲ್ಲಿ
ಯಾವುದೋ ದೇಶದ ಬಿಸಿಲು.
ಇಲ್ಲಿ ಮೋಡ; ಅಂತರಗಂಗೆ ಬೆಟ್ಟಕ್ಕೆ ತಲೆಯೇ ಇಲ್ಲ.

ನಾಲ್ಕು ಹಳೇ ಟೈರಿನ ಮೇಲೆ ನಾವು ನಾಲ್ವರು:
ಟೊಮೆಟೊ ಲಾರಿಯ ಸೊಣ್ಣಪ್ಪ,
ರಾಬರ್ಟ್‌ಸನ್‌ಪೇಟೆಯಿಂದ ಬಸ್ಸಲ್ಲಿ ಬರುವ ಲೇತಿನ ಏಸುಪಾದಂ,
ಮಂಡಿಯಲ್ಲಿ ಚೀಟಿ ಬರೆಯುವ ನಾನು,
ಎದ್ದೆದ್ದು ಹೋಗಿ ಪಂಕ್ಚರ್ ಹಾಕಿ ಬರುವ ಮುಷೀರ.
ರೇಸಿನ ಕಾರನ್ನು ನಮ್ಮಲ್ಲಿ ಮುಟ್ಟಿದವರಿಲ್ಲ.
ಒಂದು ಕಂಟೇನರಿನ ಹಿಂದೆ ಮಾತ್ರ ಸೊಣ್ಣಪ್ಪ,
ಒಳಗಿರುವುದು ಅದೇ ಎಂದುಕೊಂಡು,
ಶ್ರೀಪೆರಂಬುದೂರಿನವರೆಗೆ ಬಿಡದೆ ಹೋಗಿದ್ದನಂತೆ.
ಒಳಗೆ ಫ್ರಿಜ್ಜಿತ್ತು ಅನ್ನುತ್ತಾನೆ ಏಸುಪಾದಂ.

ಆಟ ಇಷ್ಟೇ. ಒಬ್ಬ ಒಂದು ಡ್ರೈವರನ್ನು ಮನಸ್ಸಲ್ಲಿ ಹಿಡಿಯಬೇಕು,
ಮಿಕ್ಕವರಿಗೆ ಇಪ್ಪತ್ತು ಪ್ರಶ್ನೆ.
ಹೌದು ಅಥವಾ ಇಲ್ಲ, ಬೇರೆ ಮಾತಿಲ್ಲ.
ಸೋತರೆ ಊರು ಕೊಡು:
ನಮ್ಮಜ್ಜಿ ಒಗಟಿಗೆ ಇಡುತ್ತಿದ್ದ ಪಣ,
ದಾರಿ ಕೇಳಿಕೊಂಡು ಟೈರಂಗಡಿಗೆ ಬಂದಿದೆ.
ಮಾಲೂರು ಹೋದ ತಿಂಗಳಿಂದ ಏಸುಪಾದಂನದು.
ಬಂಗಾರಪೇಟೆ, ಜಂಕ್ಷನ್ ಸಮೇತ,
ನನ್ನ ಕೈಲಿ ಒಂದು ವಾರ ಇತ್ತು.
ಅಪ್ಪನೂ ಮಗನೂ ಕಾರೋಡಿಸಿದ ಮನೆತನ;
ನಾನು ಮಗ ಎಂದೆ, ಅದು ಅಪ್ಪ.
ಶ್ರೀನಿವಾಸಪುರವನ್ನಂತೂ ಮಾವಿನ ಕಾಲದಲ್ಲಿ ಯಾರೂ ಬಿಡುವುದಿಲ್ಲ.

ಅವತ್ತು ಮುಷೀರನ ಮಗಳು ಅಫ್ರೀನ್,
ಏಳನೇ ಕ್ಲಾಸು,
ಕಂಪ್ರೆಸರಿನ ಮೇಲೆ ಹೋಂವರ್ಕ್ ಇಟ್ಟುಕೊಂಡವಳು,
ತಲೆ ಎತ್ತದೆ ಹೇಳಿದಳು:
ನಾನೊಬ್ರನ್ನ ಅಂದ್ಕೊಂಡಿದೀನಿ. ಕೇಳಿ.

ಬದುಕಿದ್ದಾನಾ?
ಇಲ್ಲ.
ಹಂಗಾದ್ರೆ ಸತ್ತಿದ್ದಾನಾ?
ಇಲ್ಲ.
ಸೊಣ್ಣಪ್ಪ ನನ್ನ ಮುಖ ನೋಡಿದ.
ಚಾಂಪಿಯನ್ ಆಗಿದ್ದನಾ? ಇಲ್ಲ.
ಮಳೇಲಿ ಗೆದ್ದಿದ್ದಾನಾ? ಇಲ್ಲ.
ಬಿಸಿಲಲ್ಲಾದ್ರೂ ಗೆದ್ದನಾ ಮಾರಾಯ್ತಿ? ಇಲ್ಲ.
ಕೆಂಪು ಕಾರು ಓಡಿಸ್ತಿದ್ದನಾ? ಇಲ್ಲ.
ಗೋಡೆಗೆ ಗುದ್ದಿದ್ದಾನಾ? ಇಲ್ಲ.
ಗಡ್ಡ ಬಿಟ್ಟಿದ್ದಾನಾ?
ಅದಕ್ಕೆ ಅವಳು ಪುಸ್ತಕದಲ್ಲಿ ಮುಖ ಹುದುಗಿಸಿ,
ಬಹಳ ಹೊತ್ತು ಭುಜ ಕುಣಿಸಿ,
ಇಲ್ಲ ಅಂದಳು.

ಹದಿನಾರಕ್ಕೆ ಏಸುಪಾದಂ ತನ್ನ ದೇವರನ್ನು ಕರೆದ.
ಇಪ್ಪತ್ತು ಮುಗಿಯುವ ಹೊತ್ತಿಗೆ ಮೊಬೈಲಿನಲ್ಲಿ
ಐದು ಕೆಂಪು ದೀಪ ಹತ್ತಿ, ಒಟ್ಟಿಗೆ ಆರಿ,
ಕಾರುಗಳೆಲ್ಲ ಮೊದಲ ತಿರುವು ದಾಟಿದ್ದವು.
ನಾವು ನೋಡಲಿಲ್ಲ.

ಯಾರಮ್ಮ ಅದು?
ಮೊದ್ಲು ಊರು ಕೊಡಿ.
ಮಾಲೂರು? ಬೇಡ.
ಮುಳಬಾಗಿಲು, ದೋಸೆ ಸಮೇತ? ಬೇಡ.
ಕೋಲಾರ ಬೇಕು.
ಕೋಲಾರ ಕೊಟ್ಟುಬಿಟ್ರೆ ನಾವೆಲ್ಲಿ ಕೂರೋದು?
ಅವಳಪ್ಪ ಟ್ಯೂಬನ್ನು ತೊಟ್ಟಿ ನೀರಿಗೆ ಅದ್ದಿ
ಗುಳ್ಳೆ ಎಲ್ಲೇಳುತ್ತದೆಂದು ನೋಡುತ್ತಿದ್ದ.
ಅವಳು ಪೆನ್ಸಿಲ್ ಕೆತ್ತಿದಳು.

ಸೋಮವಾರ, ನಸುಕಿನ ಮಂಡಿ.
ಬಲ್ಬಿನ ಸುತ್ತ ಹುಳ, ಕಾಲಡಿ ಒಡೆದ ಹಣ್ಣು.
ನಿದ್ದೆಗಣ್ಣಲ್ಲಿ ಚೀಟಿ ಬರೆಯುತ್ತಿದ್ದೆ:
ಗಂಗುಲಮ್ಮ, ವೇಮಗಲ್, ನಲವತ್ತು ಬಾಕ್ಸು, ತಂದಿದ್ದಾನೆ.
ನಾಲಿಗೆ ಕಚ್ಚಿಕೊಂಡು
‘ನೆ’ ಹೊಡೆದು ‘ಳೆ’ ಮಾಡಿದೆ.
ಪೆನ್ನು ಅಲ್ಲೇ ನಿಂತಿತು.
ಗಂಗುಲಮ್ಮ ಕೆಮ್ಮಿದಳು,
ಹಿಂದಿನ ಸಾಲು ಬೈಯಿತು,
ನಾನು ಬೆರಳು ಮಡಿಸಿ
ಇಪ್ಪತ್ತು ಪ್ರಶ್ನೆಯ ಬಾಲ ಎಣಿಸುತ್ತಿದ್ದೆ.

ಮುಂದಿನ ಭಾನುವಾರ ಎಲ್ಲರಿಗಿಂತ ಮೊದಲು ಹೋಗಿ
ಕಂಪ್ರೆಸರಿನ ಸದ್ದಿನ ಮರೆಯಲ್ಲಿ ಕೇಳಿದೆ:
ಗೆದ್ದಿದ್ದಾಳಾ?

ಆಗ ತಲೆ ಎತ್ತಿದಳು.
ಇಪ್ಪತ್ತು ಆಗೋಯ್ತಲ್ಲ ಅಂಕಲ್, ಅಂದಳು.
ಊರು ಕೊಡಿ.
ನೀವು ಚೀಟಿ ಬರೆಯೋರಲ್ವಾ, ಬರೆದೇ ಕೊಡಿ.
ಗಣಿತದ ಪುಸ್ತಕದಿಂದ ಒಂದು ಹಾಳೆ ಹರಿದಳು.

ಬರೆದುಕೊಟ್ಟೆ. ಕೋಲಾರ, ಒಂದು.
ಓದಿ, ಮಡಿಸಿ, ಜಾಮಿಟ್ರಿ ಬಾಕ್ಸಿನಲ್ಲಿಟ್ಟುಕೊಂಡಳು.
ಹೆಸರು ಇನ್ನೂ ಹೇಳಿಲ್ಲ.