ಗೋಪುರದಲ್ಲಿ ಯಾರೂ ಇಲ್ಲ

ಮೋಹ್‌ಬೇಗಿಂ ತನ್ನ ಕಂಪ್ಯೂಟರನ್ನು
ಮೊಮ್ಮಗನ ಹಳೆ ತಳ್ಳುಗಾಡಿಯಲ್ಲಿ ಕೂರಿಸಿ, ಕಂಬಳಿ ಹೊದಿಸಿ
ಗುಂಟ್ ನದಿಯ ಸೇತುವೆ ದಾಟಿಸಿ ತಂದಳು.
"ಹನ್ನೊಂದು ವರ್ಷ. ಉಸಿರು ಇನ್ನೂ ಇದೆ."
ಮುಚ್ಚಳ ಬಿಚ್ಚಿದೆ. ಧೂಳು, ಬೆಕ್ಕಿನ ಕೂದಲು,
ಫ್ಯಾನಿನ ರೆಕ್ಕೆಗೆ ಅಂಟಿಕೊಂಡ
ಒಂದೇ ಒಂದು ಒಣ ಹಿಪ್ಪುನೇರಳೆ.

ನನ್ನ ಅಂಗಡಿಗೆ ಬರುವವರು ಕೇಳುವುದು
ಅಳಿಸಿಹೋದ ಮದುವೆ ಫೋಟೋ, ಒಡೆದ ಫೋನಿನ ಗಾಜು.
ಇವಳೆಂದಳು: "ವಿಮಾನ ಹಾರಿಸಬೇಕು.
ದುಶಾಂಬೆಯಿಂದ ಖೋರೋಗಿಗೆ.
ಈಗ ಬೆಟ್ಟ ಬರುವ ಮೊದಲು ನಾನೇ ಬಂದುಬಿಡುತ್ತೇನಪ್ಪಾ.
ಎದುರಿಗೆ ಬರೀ ಬೂದು ಹಿಟ್ಟು,
ಬಂಡೆ ಮೂಡುವಷ್ಟರಲ್ಲಿ ಅದರ ಹೊಟ್ಟೆಯೊಳಗಿರುತ್ತೇನೆ."

ಸೆಕೆಂಡಿಗೆ ಒಂಬತ್ತು ಚಿತ್ರ.
ಒಂಬತ್ತಕ್ಕೆ ವಿಮಾನ ಹಾರುವುದಿಲ್ಲ,
ಮೆಟ್ಟಿಲು ಇಳಿಯುತ್ತದೆ.

ರ್‍ಯಾಮ್ ಹೆಚ್ಚಿಸೋಣವೆಂದರೆ ಮದರ್‌ಬೋರ್ಡು ಒಲ್ಲೆ ಎಂದಿತು,
ಅದನ್ನು ಬದಲಿಸಿದರೆ ಪ್ರೊಸೆಸರಿನ ಕಾಲು ಕೂರಲಿಲ್ಲ.
ಗುಂಡಿ ಹೊಲಿಯಲು ಹೋಗಿ ಅಂಗಿಯನ್ನೇ ಹೊಲಿದೆ.
ಗ್ರಾಫಿಕ್ಸ್ ಕಾರ್ಡು ದುಶಾಂಬೆಯಿಂದ
ಹದಿನಾರು ತಾಸು ಜೀಪಿನಲ್ಲಿ, ಆಲೂಗಡ್ಡೆ ಮೂಟೆಗೆ ಒರಗಿ ಬಂತು;
ಯಾರದೋ ಗ್ಯಾರೇಜಿನಲ್ಲಿ ಎರಡು ವರ್ಷ
ಹಗಲಿರುಳು ಇಲ್ಲದ ನಾಣ್ಯ ಅಗೆದು ದಣಿದದ್ದು.
ಪೆಟ್ಟಿಗೆಗೆ ಹಿಡಿಸಲಿಲ್ಲ.
ಒಳಗಿನ ತಗಡಿನ ಗೂಡನ್ನು ಗರಗಸದಿಂದ ಕೊಯ್ದೆ.
ಮೂಗಿಗಿಂತ ಮೂಗುತಿ ಭಾರ: ಜೋತುಬಿದ್ದ ಮೂಲೆಗೆ
ಚದುರಂಗದ ಕಾಲಾಳೊಂದನ್ನು ಊರುಗೋಲು ಕೊಟ್ಟೆ.

ಎದುರಿನ ಸ್ಟೂಲಿನಲ್ಲಿ ಕೂತು, ಉಪ್ಪು ಹಾಕಿದ ಹಾಲು-ಚಹಾದಲ್ಲಿ
ರೊಟ್ಟಿ ಮುರಿದು ಅದ್ದುತ್ತ ಅವಳು.
"ಪೈಲಟ್ ಆಗಿದ್ದಿರಾ?" ಕೇಳಿದೆ.
"ನಾನು ಹಾರಿದವಳಲ್ಲ. ಇಳಿಸಿದವಳು."
ಮೂವತ್ತೊಂದು ವರ್ಷ ಗೋಪುರದಲ್ಲಿ, ಕಿವಿಗೆ ಹೆಡ್‌ಫೋನು.
ರೆಕ್ಕೆಗೆ ಬಂಡೆ ತಾಗುವ ಆ ಕಣಿವೆಯನ್ನು
ದನಿಗಳಲ್ಲಷ್ಟೇ ಕಂಡವಳು.
ಕೆಮ್ಮುವವನು, ಸೂರ್ಯಕಾಂತಿ ಬೀಜ ಕಚ್ಚುವವನು,
ರುಶಾನ್ ಬಂತೆಂದರೆ ಮಾತು ನಿಲ್ಲಿಸುವವನು.
"'ಕಿಂಡಿ ಕಾಣುತ್ತಿದೆ' ಎನ್ನುವವರೆಗೆ
ಇಲ್ಲಿ ನನ್ನ ಚಹಾ ಆರುತ್ತಿತ್ತು.
ಒಬ್ಬ ಮಾತ್ರ, 'ಮೋಡ' ಎಂದ. ಅಷ್ಟೇ—"
ನಿಲ್ಲಿಸಿದಳು.
"ಆ ಸ್ಕ್ರೂ ಸಡಿಲ ಇದೆ, ನೋಡು."

ರಾತ್ರಿ ಒಂಬತ್ತಕ್ಕೆ, ಬಜಾರು ಮುಚ್ಚಿದ ಮೇಲೆ, ಹಚ್ಚಿದೆವು.
ಮೂವತ್ತನಾಲ್ಕು ಚಿತ್ರ!
ನೆರಳುಗಳು ಕೊರಕಲಿನಲ್ಲಿ ನಿಜಕ್ಕೂ ಸರಿದವು,
ಪ್ಯಾಂಜ್ ನದಿ ಹಗ್ಗದಂತೆ ಹೊಳೆಯಿತು,
ಆಚೆ ದಡದ ಅಫ್ಘಾನ್ ಕಾಲುದಾರಿ ಕೂಡ.
ಅವಳ ಬೆರಳು ಸ್ಟಿಕ್ಕಿನ ಮೇಲೆ ನಡುಗುತ್ತಿತ್ತು.
ಖೋರೋಗ್ ಬಂತು,
ಆದರೆ ಮಾಡಿದವರು ಊಹಿಸಿದ ಖೋರೋಗ್:
ಪಾಪ್ಲರ್ ಇರಬೇಕಾದಲ್ಲಿ ಯಾವುದೋ ಶೀತದೇಶದ ಪೈನು,
ಅವಳ ಮನೆಯ ಜಾಗದಲ್ಲಿ ಕೆಂಪು ಹೆಂಚಿನ ಬಂಗಲೆ.
ಗೋಪುರ ಒಂದು ಡಬ್ಬ; ಗಾಜಿಗೆ ನೀಲಿ ಬಣ್ಣ ಬಳಿದಿದ್ದರು.
ಒಳಗೆ ಯಾರೂ ಇರಲಿಲ್ಲ.
ಮೋಹ್‌ಬೇಗಿಂ ಅದನ್ನೇ ಮೂರು ಸುತ್ತು ಹಾಕಿದಳು.
ತುಟಿ ತನ್ನಷ್ಟಕ್ಕೆ ಗಾಳಿಯ ದಿಕ್ಕು, ಒತ್ತಡ
ಹೇಳುತ್ತಲೇ ಇತ್ತು.

ಆಮೇಲೆ ಸ್ಟಿಕ್ಕನ್ನು ನನ್ನತ್ತ ತಳ್ಳಿದಳು.
"ನೀನು ಹಾರಿಸು, ಆಲಿಫ್‌ಬೆಕ್. ಮೊದಲಿಂದ."
ಕುರ್ಚಿ ತಿರುಗಿಸಿ,
ಅಷ್ಟು ದುಡ್ಡು ಸುರಿದು ತಂದ ಬೆಟ್ಟಗಳಿಗೆ ಬೆನ್ನು ಹಾಕಿ
ಕಣ್ಣು ಮುಚ್ಚಿ ಕೂತಳು.

ಹಾರಿದೆ. ಅವಳು ಕೇಳಿದಂತೆಲ್ಲ ಹೇಳಿದೆ:
ಎತ್ತರ, ವೇಗ, ಎಡಕ್ಕೆ ಹಿಮ, ಕೆಳಗೆ ನದಿ.
ಪೆಟ್ಟಿಗೆಯಲ್ಲಿ ಫ್ಯಾನು ಏದುತ್ತಿತ್ತು. ಕಾಲಾಳು ಹೊತ್ತೇ ನಿಂತಿದ್ದ.
ರುಶಾನಿನ ತಿರುವು.
"ಮುಂದೆ ಏನಿದೆ?" ಎಂದಳು, ಬೇರೆ ಯಾರದೋ ದನಿಯಲ್ಲಿ.

ಮುಂದೆ ಮೋಡವಿತ್ತು.
ಹೊಸ ಕಾರ್ಡು ಅದನ್ನು ಎಳೆ ಎಳೆಯಾಗಿ,
ಅಂಚಿನ ಬೆಳಕಿನ ಸಮೇತ ಬಿಡಿಸಿಡುತ್ತಿತ್ತು.

"ಕಿಂಡಿ ಕಾಣುತ್ತಿದೆ," ಎಂದೆ.