ಆರರಿಂದ ಏಳು

ಮೂರು ತಿಂಗಳು ಮುಂಚೆಯೇ ಬರೆದುಕೊಡಬೇಕು,
ದಿನಕ್ಕೊಂದು ಗಂಟೆ ನಾನೆಲ್ಲಿ ಸಿಗುತ್ತೇನೆ ಎಂದು.
ಬೆಳಿಗ್ಗೆ ಆರರಿಂದ ಏಳು ಎಂದು ಬರೆದಿದ್ದೇನೆ.
ಸರೌತ್ಸ್, ಮೀನುಪೇಟೆಯ ಹಿಂದಿನ ಓಣಿ, ಎರಡನೇ ಮಹಡಿ.
ಕರೆಗಂಟೆ ಕೆಟ್ಟಿದೆ, ಬಾಗಿಲು ತಟ್ಟಿ.
ನಾಳೆ ಗಾಳಿ ಯಾವ ಕಡೆಗೆಂದು ಕಡಲಿಗೇ ಗೊತ್ತಿಲ್ಲ;
ಜೂನ್ ಮೂವತ್ತರ ಆರು ಗಂಟೆಗೆ
ನಾನೆಲ್ಲಿರುತ್ತೇನೆಂದು ನನಗೆ ಗೊತ್ತು.

ಇವತ್ತು ತಟ್ಟಿದರು.
ವಿತೋರಿಯಾದಿಂದ ಬಂದ ಹೆಂಗಸು,
ಕೈಯಲ್ಲಿ ಸೀಸೆಗಳ ಪೆಟ್ಟಿಗೆ, ಕಣ್ಣಲ್ಲಿ ಅರ್ಧ ನಿದ್ದೆ.
ಬಚ್ಚಲ ಬಾಗಿಲು ತೆರೆದಿಟ್ಟು ನೋಡುತ್ತ ನಿಲ್ಲುವುದು ಅವಳ ಕೆಲಸ.
ನನಗೆ ಬರುವುದಿಲ್ಲ. ನೀರು ಕುಡಿಯುತ್ತೇನೆ. ಬರುವುದಿಲ್ಲ.
ಅವಳ ಮಗನಿಗೆ ಹಲ್ಲು ಮೂಡುತ್ತಿದೆಯಂತೆ, ರಾತ್ರಿಯೆಲ್ಲ ರಂಪವಂತೆ.
ಹೆಸರು ಕೇಳಿದೆ. ಒಯೆರ್ ಎಂದಳು.
ನಲ್ಲಿ ಬಿಟ್ಟು, ಅದರ ಸದ್ದು ಕೇಳುತ್ತ ಇಬ್ಬರೂ ಕೂತೆವು.

ಆಮೇಲೆ ದಿನ ಶುರು.
ಕೊಲ್ಡೊ ಕಿವಿಯ ತುದಿ ಚುಚ್ಚಿ ಹನಿ ರಕ್ತ ಕೇಳುತ್ತಾನೆ,
ಎಂಟು ನಿಮಿಷಕ್ಕೊಂದು ಹನಿ, ಬಡ್ಡಿ ಕೇಳುವವನ ನಯದಲ್ಲಿ.
"ಎರಡು ಪಾಯಿಂಟ್ ಮೂರು" ಎನ್ನುತ್ತಾನೆ.
ಅವನ ಬಾಯಲ್ಲಿ ಶಾಭಾಷ್ ಎಂದರೆ ಅಷ್ಟೇ.
ಈಜುಕೊಳದ ತಳದ ಕಪ್ಪು ಗೆರೆ
ಬದುಕಿನಲ್ಲಿ ನಾನು ಅತಿ ಹೆಚ್ಚು ಸಲ ಓದಿದ ಸಾಲು;
ಅದರಲ್ಲಿ ಇವತ್ತೂ ಏನೂ ಬರೆದಿರಲಿಲ್ಲ.
ಮಧ್ಯಾಹ್ನ ಅಯಾ ಊರಿನ ಏರು.
ಕುರಿಗಳ ಬಳಿ ಇನ್ನೂರ ನಲವತ್ತು ವಾಟ್, ಇಗರ್ಜಿಯ ಬಳಿ ಮುನ್ನೂರು,
ಅದರಾಚೆ ಅಂಕಿ ನೋಡುವುದಿಲ್ಲ.
ಸುಳ್ಳು. ನೋಡುತ್ತೇನೆ.

ಗುರುವಾರ ಕಂಪನಿಯ ಪೆಟ್ಟಿಗೆ ಬಂತು.
ಹೊಸ ವೆಟ್‌ಸೂಟ್, ಕಾರ್ಬನ್ ಹಲಗೆಯ ಶೂ,
ಗಾಳಿಗೇ ಟೋಪಿ ಹಾಕುವ ಉದ್ದಬಾಲದ ಹೆಲ್ಮೆಟ್,
ಅದರ ಮುಖಗಾಜು ಅಯಸ್ಕಾಂತದಿಂದ ಟಕ್ಕನೆ ಕಚ್ಚಿಕೊಳ್ಳುತ್ತದೆ.
ಜತೆಗೊಂದು ಕಾಗದ:
ಲೋಗೊ ಕಾಣುವಂತೆ ನಗಬೇಕು, ಡಿಸೆಂಬರಿಗೆ ಕರಾರು ಮುಗಿಯುತ್ತದೆ.
ಹೊಸ ರಬ್ಬರಿನ ವಾಸನೆಗೆ ನಾನು ಸೋಲುತ್ತೇನೆ, ಮುಚ್ಚಿಡುವುದೇನು,
ಮೂವತ್ತನಾಲ್ಕರಲ್ಲೂ ಶೂ ದಿಂಬಿನ ಪಕ್ಕ ಇಟ್ಟು ಮಲಗಿದೆ.

ಮರುದಿನವೇ ಉಗುರು ತಾಗಿ ಸೂಟ್ ಹರಿಯಿತು, ತೊಡೆಯ ಹತ್ತಿರ ಬೆರಳಗಲ.
ಅಮ್ಮ ಗೆತಾರಿಯಾದ ದಕ್ಕೆಯಲ್ಲಿ
ನಲವತ್ತು ವರ್ಷ ಹರಿದ ಬಲೆ ನೇಯ್ದವಳು.
ಬೆಲೆ ಕೇಳಿ ನಕ್ಕಳು:
"ಇಷ್ಟು ದುಡ್ಡಿಗೆ ಒಂದು ಮತ್ತಿಯೂ ಬೀಳದ ಬಲೆ!"
ಅಂಟು ಹಚ್ಚಿ ಊದಿದಳು.
ಮಗುವಿನ ಮಂಡಿಗೆ ಊದುವ ಹಾಗಲ್ಲ,
ದೋಣಿಯವನು ನೆತ್ತಿಯ ಮೇಲೆ ನಿಂತು ಗೊಣಗುವಾಗ ಊದುವ ಹಾಗೆ.

ತೇಪೆ ಹಿಡಿಯಿತು. ನೀರಿನಿಂದ ಐದನೆಯವಳಾಗಿ ಎದ್ದೆ.
ಹೆಲ್ಮೆಟ್ ಹಿಡಿಯಲಿಲ್ಲ.
ಒದ್ದೆ ಬೆರಳಿಗೆ ಗಾಜು ಕಚ್ಚದೆ ಜಾರಿ
ನೀಲಿ ಹಾಸಿನ ಮೇಲೆ ಬಿತ್ತು. ಬಾಗಿದೆ, ಎತ್ತಿದೆ. ಮತ್ತೆ ಬಿತ್ತು.
ಹನ್ನೊಂದು ಸೆಕೆಂಡು.
ಟೋಪಿ ಬಿದ್ದದ್ದು ನನಗೇ.

ಆಮೇಲೆ ನಾಲ್ಕು ಗಂಟೆ: ಉಪ್ಪು, ಜೆಲ್, ಉರಿವ ಪಾದ,
ಒಂದು ತಿರುವಿನಲ್ಲಿ ಯಾರೋ ನನ್ನ ಹೆಸರು ತಪ್ಪಾಗಿ ಕೂಗಿದರು,
ಆ ತಪ್ಪು ಹೆಸರಿನವಳಾಗಿ ಒಂದು ಕಿಲೋಮೀಟರು ಚೆನ್ನಾಗಿ ಓಡಿದೆ.

ನಾಲ್ಕನೆಯವಳು. ಒಂಬತ್ತು ಸೆಕೆಂಡು ಹಿಂದೆ.
ವೇದಿಕೆಗೆ ಮೂರೇ ಮೆಟ್ಟಿಲು.
ನನ್ನ ಹಳೇ ಸೈಕಲ್ ಕೊಳ್ಳಲು ಬಂದ ಉನಾಶ್‌ಗೆ ಹದಿನಾರು,
ಲೆಕ್ಕ ಬೇಗ ಬರುತ್ತದೆ ಅವನಿಗೆ:
"ಹನ್ನೊಂದರಲ್ಲಿ ಒಂಬತ್ತು ಹೋದರೆ ಎರಡು ಸೆಕೆಂಡು ನಿನ್ನದೇ."
ಬೆಲೆಯಲ್ಲಿ ಐವತ್ತು ಯೂರೊ ಇಳಿಸಿದೆ. ಯಾಕೆಂದು ಗೊತ್ತಿಲ್ಲ.
ಸೀಟಿನ ಎತ್ತರ ಹೇಳಿಕೊಡಲು ಮರೆತೆ.

ಮರುದಿನ ಐದೂ ಐವತ್ತಕ್ಕೆ ಎಚ್ಚರ.
ಕಾಲಗಂಟಿನ ಮೇಲೆ ಚಿಪ್‌ಪಟ್ಟಿಯ ಕೆಂಪು ಬಳೆ ಇನ್ನೂ ಆರಿರಲಿಲ್ಲ.
ಆರು ದಾಟಿತು, ಆರೂವರೆ. ಯಾರೂ ತಟ್ಟಲಿಲ್ಲ.
ನಾಲ್ಕನೆಯವಳ ಮೂತ್ರ ಯಾರಿಗೆ ಬೇಕು ಎಂದುಕೊಂಡು ನಕ್ಕೆ,
ನೀರು ಮಾತ್ರ ಕುಡಿದೇ ಇಟ್ಟಿದ್ದೆ.
ಮುಂದಿನ ಮೂರು ತಿಂಗಳ ಕಾಗದ ತೆರೆದೆ,
ಜುಲೈ, ಆಗಸ್ಟ್, ಸೆಪ್ಟೆಂಬರ್, ತೊಂಬತ್ತೆರಡು ಖಾಲಿ ಮನೆಗಳು.
ಒಯೆರನಿಗೆ ಹಲ್ಲು ಬಂತೇ ಎಂದು ಕೇಳಲು ಅಲ್ಲಿ ಜಾಗವಿಲ್ಲ.
ಆರರಿಂದ ಏಳು, ಬರೆದೆ.
ಕರೆಗಂಟೆ ಇನ್ನೂ ಕೆಟ್ಟಿದೆ.